ನಾಲ್ಕು ಪಾಯಿಂಟ್ ಎರಡು ಏಳು

ಅಳತೆಯಕ್ಕನ ಮನೆಯಲ್ಲಿ ಊಟದ ಮೇಜು ಇತ್ತು, ಅದರ ಮೇಲೆ ಊಟ ಮಾಡುವವರು ಇರಲಿಲ್ಲ. ಮೇಜಿನ ಮೇಲೆ ನೆಲಕ್ಕೆ ಹಾಕುವ ನಾಲ್ಕು ಟೈಲ್ಸ್ ಹಾಸಿತ್ತು. ಟೈಲ್ಸ್ ಮೇಲೆ ಚಾರ್ಜರ್‌ಗಳು, ಪಕ್ಕದಲ್ಲಿ ಮರಳು ತುಂಬಿದ ಬಕೆಟ್ಟು. ಆಕೆ ಉಣ್ಣುತ್ತಿದ್ದುದು ಅಡುಗೆಮನೆಯ ಕಟ್ಟೆಯ ಬಳಿ ನಿಂತುಕೊಂಡು, ಒಂದು ಕಣ್ಣನ್ನು ಮೇಜಿನ ಕಡೆಗೇ ಇಟ್ಟು. ಲಿಥಿಯಂ ಸೆಲ್ಲನ್ನು ಚಾರ್ಜಿಗೆ ಹಾಕಿದ ಮೇಲೆ ಮನೆ ಬಿಟ್ಟು ಹೊರಡಬಾರದು, ಮಲಗಲೂಬಾರದು ಎಂಬುದು ಆಕೆ ತನಗೇ ಹಾಕಿಕೊಂಡ ನಿಯಮ. ಹೀಗಾಗಿ ಭಾನುವಾರಗಳಲ್ಲಿ ಆಕೆಗೆ ಎಲ್ಲಿಗೂ ಹೋಗಲಾಗುತ್ತಿರಲಿಲ್ಲ. ಹೋಗಬೇಕೆಂದರೂ ಅಂಥ ಜಾಗವೇನೂ ಇರಲಿಲ್ಲ ಅನ್ನಿ, ಆದರೆ ಯಾರಾದರೂ ಕೇಳಿದರೆ ಹೇಳಿಕೊಳ್ಳಲು ಒಂದು ಕಾರಣವಂತೂ ಇತ್ತು.

ವಯಸ್ಸು ಐವತ್ತೆರಡು. ಕಾಲೇಜೊಂದರ ಭೌತಶಾಸ್ತ್ರದ ಪ್ರಯೋಗಾಲಯದ ಬೀಗದ ಕೈ ಇಪ್ಪತ್ತಾರು ವರ್ಷಗಳಿಂದ ಆಕೆಯ ಚೀಲದಲ್ಲೇ ಇತ್ತು. ಅಲ್ಲಿ ಆಕೆ ಲ್ಯಾಬ್ ಮೇಡಂ. ಅಳತೆಯಕ್ಕ ಎಂಬುದು ಫೋನಿನೊಳಗಿನ ಹೆಸರು. ಮನೆಯಲ್ಲೇ ಟಾರ್ಚು, ರೇಡಿಯೋ, ಆಟದ ವಿಮಾನ ಎಂದು ಏನಾದರೊಂದನ್ನು ಕಟ್ಟಿಕೊಳ್ಳುವ ಹವ್ಯಾಸಿಗಳ ಗುಂಪೊಂದಿತ್ತು. ಅದರಲ್ಲಿ ನಾನೂರು ಚಿಲ್ಲರೆ ಜನ. ಹೊಸಬರು ಯಾರಾದರೂ ಬಂದು "ಯಾವ ಚಾರ್ಜರ್ ತಗೊಳ್ಳಲಿ?" ಎಂದು ಕೇಳಿದರೆ ಹಳಬರು ಒಂದೇ ಮಾತು ಹೇಳುತ್ತಿದ್ದರು: "ಅಕ್ಕನ ಪಟ್ಟಿ ನೋಡು, ಆಮೇಲೆ ಮಾತಾಡು."

ಆ ಪಟ್ಟಿಯ ಹಿಂದೆ ಆರು ವರ್ಷಗಳ ಭಾನುವಾರಗಳಿದ್ದವು. ಒಂದು ಸೆಲ್ಲಿನ ಚಾರ್ಜರ್ ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ಸೆಲ್ಲು ನಾಲ್ಕು ಪಾಯಿಂಟ್ ಎರಡು ವೋಲ್ಟಿಗೆ ಬರುವ ತನಕ ತುಂಬಬೇಕು, ಅಲ್ಲಿ ಹಿಡಿದು ನಿಧಾನಕ್ಕೆ ಕರೆಂಟು ಇಳಿಸಿ ನಿಲ್ಲಿಸಬೇಕು. ನಾಲ್ಕು ಪಾಯಿಂಟ್ ಎರಡು ಐದರ ತನಕ ಕ್ಷಮಿಸಬಹುದು. ಅದನ್ನೂ ದಾಟಿದರೆ ಸೆಲ್ಲು ಬೇಗ ಮುದಿಯಾಗುತ್ತದೆ, ಗ್ರಹಚಾರ ಕೆಟ್ಟಿದ್ದರೆ ಹೊತ್ತಿಕೊಂಡು ಉರಿಯುತ್ತದೆ. ಯಾವ ಚಾರ್ಜರ್ ಎಲ್ಲಿ ನಿಲ್ಲಿಸುತ್ತದೆ, ಹಸಿರು ದೀಪ ಹತ್ತಿದ ಮೇಲೂ ಕದ್ದು ಕದ್ದು ತುಂಬುತ್ತದೆಯೇ, ಮೈ ಎಷ್ಟು ಬಿಸಿಯಾಗುತ್ತದೆ ಎಂಬುದನ್ನೆಲ್ಲ ಆಕೆ ಅಳೆದು ಬರೆಯುತ್ತಿದ್ದಳು. ಅಳೆಯಲು ಬಳಸುತ್ತಿದ್ದುದು ಹಳೆಯ ಲ್ಯಾಪ್‌ಟಾಪುಗಳಿಂದ ಬಿಡಿಸಿ ತೆಗೆದ ಸೆಲ್ಲುಗಳನ್ನು. ಅವುಗಳಿಗೂ ಸಂಸ್ಕಾರವಿತ್ತು. ಎರಡು ವೋಲ್ಟಿಗಿಂತ ಕೆಳಗಿಳಿದದ್ದನ್ನು ಮುಟ್ಟುವಂತಿಲ್ಲ. ಉಳಿದದ್ದನ್ನು ತುಂಬಿಸಿ, ತಾರೀಕು ಬರೆದ ಚೀಟಿ ಅಂಟಿಸಿ, ಒಂದು ತಿಂಗಳು ಸುಮ್ಮನೆ ಮಲಗಿಸಬೇಕು. ತಿಂಗಳಾದ ಮೇಲೂ ಯಾವುದು ತನ್ನ ವೋಲ್ಟೇಜು ಬಿಟ್ಟುಕೊಟ್ಟಿರುವುದಿಲ್ಲವೋ ಅದು ಒಳ್ಳೆಯ ಸೆಲ್ಲು.

ಕೆಳಮನೆಯ ಟೈಲರಮ್ಮ ಬಟ್ಟೆ ಒಣಹಾಕಲು ಮೇಲೆ ಬಂದಾಗಲೆಲ್ಲ ಕಿಟಕಿಯಲ್ಲಿ ಇಣುಕಿ ಕೇಳುತ್ತಿದ್ದಳು: "ಏನ್ರೀ, ಮಕ್ಕಳು ಹಾಲು ಕುಡಿದು ಮಲಗಿದ್ವಾ?"

"ಮಲಗಿವೆ. ಗದ್ದಲ ಮಾಡ್ಬೇಡಿ."

"ಎಷ್ಟು ಮಕ್ಕಳ್ರೀ ನಿಮ್ಗೆ? ನನಗಿರೋ ಎರಡನ್ನೇ ತಡ್ಕೊಳಕ್ಕಾಗಲ್ಲ."

"ನೂರ ಹನ್ನೆರಡು. ಒಂದೂ ಎದುರು ಮಾತಾಡಲ್ಲ."

ದಿನದಲ್ಲಿ ಮನೆಯೊಳಗೆ ಆಕೆ ಆಡುತ್ತಿದ್ದ ಮಾತು ಒಮ್ಮೊಮ್ಮೆ ಅಷ್ಟೇ ಆಗಿರುತ್ತಿತ್ತು.

ಹಾಗೆ ನೋಡಿದರೆ ಹಿಂದಿನ ವರ್ಷದವರೆಗೆ ಮಾತಾಡಲು ಇನ್ನೊಬ್ಬ ಇದ್ದ. ಅವನು ಡಬ್ಬಿಯಣ್ಣ. ದೂರದ ಊರಿನಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ರೇಡಿಯೋ ರಿಪೇರಿ ಅಂಗಡಿ ಇಟ್ಟುಕೊಂಡವನು. ತಾನೇ ಒಂದು ಚಾರ್ಜರ್ ಮಾಡಿ, ಅದನ್ನು ತಗಡಿನ ಪುಟ್ಟ ಡಬ್ಬಿಯೊಳಗೆ ಕೂರಿಸಿ, ಗುಂಪಿನವರಿಗೆ ಮಾಡಿ ಕೊಡುತ್ತಿದ್ದ. ಗುಂಪಿನವರೆಲ್ಲ ಬರೆದು ಕಳಿಸುವವರಾದರೆ ಇವನೊಬ್ಬ ಮಾತ್ರ ಫೋನ್ ಮಾಡುತ್ತಿದ್ದ. ಬರೆಯಲು ಬೇಜಾರು, ಬೆಸುಗೆ ಹಾಕುತ್ತಲೇ ಮಾತಾಡಬಹುದು ಎಂಬುದು ಅವನ ವಾದ. ಸೆಲ್ಲು ತುಂಬುವ ಎರಡು ಮೂರು ಗಂಟೆ ಆಕೆ ಇಲ್ಲಿ ಕಾವಲು, ಅವನು ಅಲ್ಲಿ ಕಾವಲು. ಜಗಳಕ್ಕೆ ಬರವಿರಲಿಲ್ಲ.

"ಅಕ್ಕಾ, ನನಗಿಂತ ಏಳು ವರ್ಷ ದೊಡ್ಡೋರು ನೀವು. ಬಾಯ್ತುಂಬ ಅಣ್ಣ ಅಣ್ಣ ಅಂತೀರಲ್ಲ, ನಾಚಿಕೆ ಆಗುತ್ತಪ್ಪ."

"ಅದು ಡಬ್ಬಿಗೆ ಕೊಡೋ ಮರ್ಯಾದೆ. ನಿಮಗಲ್ಲ."

ಒಂದು ದಿನ ಆಕೆಯೇ ಕೇಳಿದಳು: "ಒಂದು ಡಬ್ಬಿ ಕಳಿಸಿ, ಪಟ್ಟಿಗೆ ಸೇರಿಸ್ತೀನಿ." ಅವನು ನಕ್ಕ. "ಪರೀಕ್ಷೆ ಅಂದ್ರೆ ನಂಗೆ ಮೊದಲಿಂದ್ಲೂ ಜ್ವರ ಅಕ್ಕಾ," ಅಂದ. ಆದರೂ ನಾಲ್ಕನೆಯ ದಿನಕ್ಕೆ ಡಬ್ಬಿ ಬಂತು. ಮೂಲೆಗಳನ್ನು ಉಜ್ಜಿ ನುಣುಪು ಮಾಡಿತ್ತು, ಒಳಗಿನ ತಂತಿಗಳನ್ನು ಜಡೆ ಹೆಣೆದಂತೆ ಹೆಣೆದಿತ್ತು.

ಆಕೆ ಮೂರು ಸಲ ಅಳೆದಳು. ನಾಲ್ಕು ಪಾಯಿಂಟ್ ಎರಡು ಏಳು. ಮತ್ತೆ ಎರಡು ಏಳು. ಮೂರನೆಯ ಸಲ ಎರಡು ಎಂಟು. ಅವನಿಗೊಂದು ಫೋನ್ ಮಾಡಿ ಹೇಳಬಹುದಿತ್ತು. ಆದರೆ ಬೇರೆ ಯಾವ ಚಾರ್ಜರ್ ಮಾಡಿದವರಿಗೂ ಆಕೆ ಮುಂಚೆ ತಿಳಿಸಿದ್ದಿಲ್ಲ. ಗೆಳೆಯನೆಂದು ಇವನಿಗೆ ಮಾತ್ರ ತಿಳಿಸಿದರೆ ಅದು ಪಕ್ಷಪಾತ. ಪಟ್ಟಿಯಲ್ಲಿ ಬರೆದಳು: ತಗಡಿನ ಡಬ್ಬಿ ಚಾರ್ಜರ್, ೪.೨೭, ಬಳಸಬೇಡಿ.

ಅವನು ಗುಂಪಿನಲ್ಲಿ ಅಪರೂಪಕ್ಕೆ ಬರೆದ. "ಅಕ್ಕಾ, ನನ್ನ ಮೀಟರ್‌ನಲ್ಲಿ ಮುಳ್ಳು ನಾಲ್ಕು ಪಾಯಿಂಟ್ ಎರಡರ ಗೆರೆ ಮೇಲೇ ನಿಲ್ತಿದೆ. ಇನ್ನೊಂದ್ಸಲ ನೋಡ್ತೀರಾ?"

"ಮೂರು ಸಲ ನೋಡಿದೀನಿ," ಎಂದು ಉತ್ತರಿಸಿದಳು ಆಕೆ. ಅಷ್ಟಕ್ಕೇ ಬಿಡಬಹುದಿತ್ತು. ಬಿಡಲಿಲ್ಲ. "ಮುಳ್ಳಿನ ಮೀಟರಾ? ಅದನ್ನ ಮ್ಯೂಸಿಯಂಗೆ ಕೊಟ್ಟು ಒಂದು ಒಳ್ಳೇ ಮೀಟರ್ ತಗೊಳ್ಳಿ ಡಬ್ಬಿಯಣ್ಣ."

ಅದು ಅವರ ಫೋನಿನ ಜಗಳದ ಧಾಟಿ. ಫೋನಿನಲ್ಲಾಗಿದ್ದರೆ ಅವನೂ ಒಂದು ಬಿಟ್ಟು ಎರಡು ಅನ್ನುತ್ತಿದ್ದ. ಆದರೆ ನಾನೂರು ಜನರ ಮುಂದೆ ಅದು ಬೇರೆಯೇ ಮಾತಾಯಿತು. ಐವತ್ತು ಅರವತ್ತು ಜನ ನಗುವ ಮುಖದ ಚಿತ್ರ ಹಾಕಿದರು. ಅವನು ಮೂರು ದಿನದ ಮೇಲೆ ಗುಂಪು ಬಿಟ್ಟ. ಆ ಭಾನುವಾರ ಫೋನ್ ಬರಲಿಲ್ಲ, ಮುಂದಿನದರಲ್ಲೂ ಇಲ್ಲ. ಸತ್ಯ ಹೇಳಿದರೆ ಮುನಿಸಿಕೊಳ್ಳುವವರು ಮುನಿಸಿಕೊಳ್ಳಲಿ ಎಂದುಕೊಂಡಳು ಆಕೆ. ಎಂದುಕೊಂಡು ಕಾದಳು. ಹನ್ನೊಂದು ತಿಂಗಳು ಕಾದಳು.

*

ವರ್ಷಕ್ಕೊಮ್ಮೆ, ಕಾಲೇಜಿಗೆ ರಜೆಯಿದ್ದಾಗ, ಆಕೆ ತನ್ನ ಮನೆಯ ಮೀಟರನ್ನು ಪ್ರಯೋಗಾಲಯಕ್ಕೆ ಒಯ್ಯುತ್ತಿದ್ದಳು. ಅಲ್ಲಿ ಕರಾರುವಾಕ್ಕಾಗಿ ಹತ್ತು ವೋಲ್ಟ್ ಕೊಡುವ ಒಂದು ಉಪಕರಣವಿತ್ತು. ಮೀಟರನ್ನು ಅದಕ್ಕೆ ಜೋಡಿಸಿ ನೋಡುವುದು, ಸರಿಯಿದ್ದರೆ ತಾರೀಕು ಬರೆದ ಹೊಸ ಚೀಟಿ ಅಂಟಿಸುವುದು. ಕಾಲೇಜಿನ ಎಲ್ಲ ಮೀಟರುಗಳಿಗೂ ಆಕೆ ಹಾಗೇ ಮಾಡುತ್ತಿದ್ದಳು. ಅಲ್ಲಿನ ಹಳೆಯ ಮುಳ್ಳಿನ ಮೀಟರುಗಳಿಗೆ ಗಾಜಿನ ಎಡಮೂಲೆಯಲ್ಲಿ ಅಂಟಿಸಬೇಕು, ಅಲ್ಲಿ ಅಂಕಿಯಿಲ್ಲ. ಮನೆಯ ಡಿಜಿಟಲ್ ಮೀಟರಿಗೂ ಕೈ ತಾನಾಗಿ ಅದೇ ಎಡಮೂಲೆಗೆ ಹೋಗುತ್ತಿತ್ತು.

ಆ ಮಧ್ಯಾಹ್ನ ಪ್ರಯೋಗಾಲಯದಲ್ಲಿ ಯಾರೂ ಇರಲಿಲ್ಲ. ಸ್ಟೂಲುಗಳನ್ನು ಮೇಜಿನ ಮೇಲೆ ಮಗುಚಿ ಹಾಕಿತ್ತು. ಆಕೆ ಮೀಟರಿನ ಹಳೆಯ ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದಳು. ಅಂಟು ಉಜ್ಜಲೆಂದು ಬಟ್ಟೆ ತೆಗೆದುಕೊಂಡವಳು ಹಾಗೇ ನಿಂತಳು. ಚೀಟಿ ಇದ್ದ ಜಾಗದಲ್ಲಿ, ಗಾಜಿನ ಕೆಳಗೆ, ಸಣ್ಣ ಬ್ಯಾಟರಿಯ ಚಿತ್ರವೊಂದು ಮಿಣುಕುತ್ತಿತ್ತು. ಮೀಟರಿನ ಒಳಗಿನ ಬ್ಯಾಟರಿ ಸೋತಿದೆ, ಬದಲಾಯಿಸಿ ಎಂದು ಮೀಟರು ಹೇಳುತ್ತಿತ್ತು. ಎಷ್ಟು ದಿನದಿಂದ ಹೇಳುತ್ತಿತ್ತೋ. ಆಕೆ ತಾನೇ ಅದರ ಬಾಯಿಗೆ ಚೀಟಿ ಅಂಟಿಸಿದ್ದಳು.

ಬ್ಯಾಟರಿ ಸೋತ ಮೀಟರು ಕೆಲವೊಮ್ಮೆ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಇದನ್ನು ಆಕೆ ಎಷ್ಟೋ ಬ್ಯಾಚಿನ ವಿದ್ಯಾರ್ಥಿಗಳಿಗೆ ಹೇಳಿದ್ದಳು. ಹತ್ತು ವೋಲ್ಟಿಗೆ ಜೋಡಿಸಿದಳು. ಹತ್ತು ಪಾಯಿಂಟ್ ಒಂದು ಏಳು. ಪ್ರಯೋಗಾಲಯದ ದೊಡ್ಡ ಮೀಟರಿನಲ್ಲಿ ನೋಡಿದಳು: ಹತ್ತು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ತನ್ನ ಮೀಟರಿಗೆ ಹೊಸ ಬ್ಯಾಟರಿ ಹಾಕಿ ನೋಡಿದಳು: ಹತ್ತು.

ಹತ್ತಕ್ಕೆ ಹದಿನೇಳು ನೂರನೇ ಭಾಗ ಹೆಚ್ಚಾದರೆ ನಾಲ್ಕು ಪಾಯಿಂಟ್ ಎರಡಕ್ಕೆ ಎಷ್ಟು? ಕಾಗದ ಬೇಕಾಗಲಿಲ್ಲ. ಆ ಉತ್ತರ ಹನ್ನೊಂದು ತಿಂಗಳಿಂದ ಆಕೆಗೆ ಬಾಯಿಪಾಠವಾಗಿತ್ತು.

ಮನೆಗೆ ಬಂದು ಚಪ್ಪಲಿ ಬಿಡುವುದನ್ನೂ ಮರೆತು ಹಿಂದಿನ ವರ್ಷದ ನೋಟ್‌ಬುಕ್ ತೆಗೆದಳು. ಡಬ್ಬಿ ಚಾರ್ಜರಿನ ಮೂರು ಅಳತೆಗಳು ಅಲ್ಲಿದ್ದವು, ದುಂಡಗಿನ ಅಕ್ಷರದಲ್ಲಿ. ಅದಾದ ಒಂಬತ್ತು ದಿನಕ್ಕೆ, ಇನ್ನೊಂದು ಪುಟದ ಅಂಚಿನಲ್ಲಿ: 'ಮೀಟರಿನ ಪರದೆ ಮಸುಕು. ಬ್ಯಾಟರಿ ಬದಲಾಯಿಸಿದೆ.' ಎರಡೂ ತನ್ನದೇ ಕೈಬರಹ. ನಡುವೆ ನಾಲ್ಕೇ ಹಾಳೆ. ಆ ನಾಲ್ಕು ಹಾಳೆ ಹಿಂದಕ್ಕೆ ತಿರುಗಿಸಿ ನೋಡಬೇಕೆಂದು ಆಗ ಹೊಳೆದಿರಲಿಲ್ಲ. ಮೂರು ಸಲ ಅಳೆದಿದ್ದೇನೆ ಎಂಬ ಹೆಮ್ಮೆಯೇ ಕಣ್ಣು ಕಟ್ಟಿತ್ತು. ತಪ್ಪು ಮೀಟರಿನಲ್ಲಿ ಮೂರು ಸಲ ಅಳೆದರೆ ಮೂರು ಪಟ್ಟು ಸತ್ಯವಾಗುತ್ತದೆಯೇ? ಮುಳ್ಳಿನ ಮೀಟರಿಗೆ ವೋಲ್ಟೇಜು ಅಳೆಯಲು ಬ್ಯಾಟರಿಯೇ ಬೇಡ. ಅದು ಹೀಗೆ ಸುಳ್ಳು ಹೇಳಿರಲು ಸಾಧ್ಯವೇ ಇರಲಿಲ್ಲ.

ಡಬ್ಬಿ ಬೀರುವಿನಲ್ಲೇ ಇತ್ತು. ಅವನು ವಾಪಸು ಕೇಳಿರಲಿಲ್ಲ. ಸೆಲ್ಲು ಹಾಕಿದಳು. ಸಂಜೆಯ ಹೊತ್ತಿಗೆ ಹಸಿರು ದೀಪ ಹತ್ತಿತು. ನಾಲ್ಕು ಪಾಯಿಂಟ್ ಒಂದು ಒಂಬತ್ತು ಒಂಬತ್ತು. ಮೈ ಬೆಚ್ಚಗೂ ಆಗಿರಲಿಲ್ಲ. ಪಟ್ಟಿಯಲ್ಲಿದ್ದ ಅರವತ್ತು ಚಾರ್ಜರ್‌ಗಳಲ್ಲಿ ಇಷ್ಟು ನಿಖರವಾದವು ಮೂರೋ ನಾಲ್ಕೋ.

ಸುಮ್ಮನಿದ್ದುಬಿಡಬಹುದಿತ್ತು. ಯಾರೂ ಕೇಳುವವರಿರಲಿಲ್ಲ. ಪಟ್ಟಿಯಲ್ಲಿ ಒಂದು ಅಂಕಿ ತಿದ್ದಿದರೆ ಗಮನಿಸುವವರೂ ಇರಲಿಲ್ಲ. ಆಕೆಯನ್ನು ಯಾರಾದರೂ ಅಕ್ಕ ಎನ್ನುತ್ತಿದ್ದರೆ ಅದು ಅಳತೆ ತಪ್ಪುವುದಿಲ್ಲ ಎಂಬ ಒಂದೇ ಕಾರಣಕ್ಕೆ. ಅದೂ ಹೋದರೆ ಉಳಿಯುವುದು ನೂರ ಹನ್ನೆರಡು ಸೆಲ್ಲು, ಒಂದು ಬಕೆಟ್ ಮರಳು.

ಡಬ್ಬಿಯಣ್ಣನಿಗೆ ಫೋನ್ ಮಾಡಿದಳು. ರಿಂಗಾಯಿತು, ಎತ್ತಲಿಲ್ಲ. ಮಾರನೆಯ ದಿನವೂ, ಅದರ ಮಾರನೆಯ ದಿನವೂ. ನಾಲ್ಕನೆಯ ದಿನ ಗುಂಪಿನಲ್ಲಿ ಎಲ್ಲವನ್ನೂ ಬರೆದಳು: ಚೀಟಿ, ಅದರಡಿಯ ಚಿಹ್ನೆ, ಎರಡು ತಾರೀಕುಗಳು, ಹೊಸ ಅಳತೆ. ಆ ತಿಂಗಳು ಅಳೆದ ಇನ್ನೆರಡು ಚಾರ್ಜರ್‌ಗಳನ್ನೂ ಪಟ್ಟಿಯಿಂದ ತೆಗೆದಿದ್ದೇನೆಂದು ತಿಳಿಸಿದಳು. ಕೊನೆಗೆ, ಡಬ್ಬಿಯಣ್ಣನ ಮೀಟರ್ ಸರಿ ಇತ್ತು, ನನ್ನದು ತಪ್ಪಾಗಿತ್ತು, ಅವರನ್ನು ಎಲ್ಲರ ಮುಂದೆ ಆಡಿಕೊಂಡದ್ದು ಅದಕ್ಕಿಂತ ದೊಡ್ಡ ತಪ್ಪು ಎಂದು ಬರೆದಳು. ಫೋನನ್ನು ಮೇಜಿನ ಮೇಲೆ ಬೋರಲು ಹಾಕಿ ಹತ್ತು ನಿಮಿಷ ಬಿಟ್ಟು ನೋಡಿದಳು.

"ಅಯ್ಯೋ ಅಕ್ಕಾ, ಅಷ್ಟಕ್ಕೆಲ್ಲ ಯಾಕೆ ತಲೆ ಕೆಡಿಸ್ಕೊಳ್ತೀರಿ," ಎಂದಿದ್ದ ಒಬ್ಬ.

"ಎಲ್ಲಾ ಸರಿ, ನಾನು ತಗೊಂಡಿರೋ ನೀಲಿ ಚಾರ್ಜರ್ ಸರಿ ಇದ್ಯಾ ಇಲ್ವಾ ಅದನ್ನ ಹೇಳಿ ಮೊದ್ಲು," ಎಂದು ಇನ್ನೊಬ್ಬ.

"ಡಬ್ಬಿಯಣ್ಣ ಅಂದ್ರೆ ಯಾರು? ನಾನು ಹೊಸಬ," ಎಂದು ಮೂರನೆಯವನು. ಅದಕ್ಕೆ ಯಾರೂ ಉತ್ತರ ಕೊಟ್ಟಿರಲಿಲ್ಲ. ಅಷ್ಟರಲ್ಲಿ ಯಾರದೋ ಆಟದ ವಿಮಾನ ಮರಕ್ಕೆ ಸಿಕ್ಕಿಕೊಂಡ ಚಿತ್ರ ಬಂದು, ಎಲ್ಲರೂ ಮರ ಹತ್ತುವುದು ಹೇಗೆಂದು ಚರ್ಚಿಸುತ್ತಿದ್ದರು.

ಬೈಗುಳ ಬಂದಿದ್ದರೆ ಸಮಾಧಾನವಾಗುತ್ತಿತ್ತು. ಅವನನ್ನು ನೋಡಿ ನಗುವಾಗ ಐವತ್ತು ಅರವತ್ತು ಜನ ಇದ್ದರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎನ್ನುತ್ತಾರೆ. ಇಲ್ಲಿ ಆನೆಯನ್ನು ಕರೆದುತಂದು ನಿಲ್ಲಿಸಿದರೂ ತಿರುಗಿ ನೋಡುವವರಿರಲಿಲ್ಲ.

ಬಟ್ಟೆ ತೆಗೆಯಲು ಬಂದ ಟೈಲರಮ್ಮನನ್ನು ಆಕೆ ಕೇಳಿದಳು: "ಅಳತೆ ತಪ್ಪಿ ಯಾರದಾದ್ರೂ ಬಟ್ಟೆ ಕತ್ತರಿಸಿಬಿಟ್ಟಿದೀರಾ?"

"ಅಯ್ಯೋ, ಬೇಕಾದಷ್ಟು! ಒಬ್ಳಿಗೆ ಮದುವೆ ರವಿಕೆಯ ತೋಳನ್ನ ಮೊಣಕೈಯಿಂದ ಮೇಲಕ್ಕೆ ಹಾರಿಸಿದ್ದೆ."

"ಆಮೇಲೆ?"

"ಆಮೇಲೇನು, ಅವಳ ಮನೆಗೇ ಹೋದೆ. ಫೋನಲ್ಲಿ ಹೇಳಿದ್ರೆ ಬರೀ ಕಿವಿಗೆ ಹೇಳಿದ ಹಾಗೆ. ಎದುರಿಗೆ ಹೋಗಿ ನಿಂತ್ರೆ, ಬೈಯೋಕೆ ಅವರಿಗೂ ಒಂದು ಮುಖ ಸಿಗುತ್ತೆ."

"ಬೈದ್ರಾ?"

"ಬೈಯ್ದೇ ಬಿಡ್ತಾರಾ? ಚೆನ್ನಾಗಿ ಬೈದ್ರು."

*

ಡಬ್ಬಿ ಬಂದಿದ್ದ ಪೊಟ್ಟಣದ ಕಾಗದವನ್ನು ಆಕೆ ಎಸೆದಿರಲಿಲ್ಲ. ಯಾವುದನ್ನೂ ಎಸೆಯುವ ಜಾತಿಯವಳಲ್ಲ. ಅದರ ಮೇಲಿನ ವಿಳಾಸ ಹಿಡಿದು, ಒಂದು ಶನಿವಾರ ಬೆಳಗ್ಗೆ ಎರಡು ಬಸ್ಸು ಬದಲಿಸಿ ಹೋದಳು. ಚೀಲದಲ್ಲಿ ಡಬ್ಬಿ, ಮೀಟರು, ನೋಟ್‌ಬುಕ್ಕು, ತುದಿಗಳಿಗೆ ಟೇಪು ಸುತ್ತಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿಟ್ಟ ಎರಡು ಸೆಲ್ಲುಗಳು. ಎರಡನ್ನೂ ಅರ್ಧ ಚಾರ್ಜಿಗೆ ಇಳಿಸಿಕೊಂಡು ತಂದಿದ್ದಳು. ಕಿಟಕಿ ಪಕ್ಕ ಕೂತು ಹೇಳಬೇಕಾದ ಮಾತುಗಳನ್ನು ಜೋಡಿಸಿದಳು, ಕೆಡವಿದಳು, ಮತ್ತೆ ಜೋಡಿಸಿದಳು. ಅವನ ಮುಖವನ್ನು ಎಂದೂ ನೋಡಿಲ್ಲ ಎಂಬುದು ಹೊಳೆದದ್ದು ಇಳಿಯುವ ಹೊತ್ತಿಗೆ.

ಅಂಗಡಿಯ ಮುಂದೆ 'ಮೊಬೈಲ್ ರಿಪೇರಿ' ಎಂಬ ಹೊಸ ಹಲಗೆಯಿತ್ತು. ಗಾಜಿನ ಕೌಂಟರಿನ ಹಿಂದೆ ತೆಳ್ಳಗಿನ ಮನುಷ್ಯನೊಬ್ಬ ಒಡೆದ ಪರದೆಯ ಫೋನೊಂದನ್ನು ಬಿಚ್ಚುತ್ತಿದ್ದ. ತಲೆಗೆ ಕಟ್ಟಿಕೊಂಡ ಭೂತಗನ್ನಡಿಯನ್ನು ಹಣೆಗೆ ಸರಿಸಿ ನೋಡಿದ.

"ಏನಾಗ್ಬೇಕಿತ್ತು?"

ಆ ಧ್ವನಿ ಅವನದೇ. ಆಕೆ ಚೀಲದಿಂದ ಡಬ್ಬಿ ತೆಗೆದು ಕೌಂಟರಿನ ಮೇಲಿಟ್ಟಳು.

ಅವನು ಡಬ್ಬಿ ನೋಡಿದ, ಆಕೆಯನ್ನು ನೋಡಿದ. ಸ್ಕ್ರೂ ಡ್ರೈವರನ್ನು ನಿಧಾನವಾಗಿ ಕೆಳಗಿಟ್ಟ.

"ಬನ್ನಿ ಮೇಡಂ," ಎಂದ.

ಮೇಡಂ. ಇಪ್ಪತ್ತಾರು ವರ್ಷ ದಿನಕ್ಕೆ ನೂರು ಸಲ ಕೇಳಿದ ಪದ. ಅದಕ್ಕೆ ಇಷ್ಟು ತೂಕವಿದೆ ಎಂದು ಆಕೆಗೆ ಗೊತ್ತಿರಲಿಲ್ಲ.

"ಫೋನ್ ಮಾಡಿದ್ದೆ."

"ಗೊತ್ತು."

"ಗುಂಪಲ್ಲಿ ಬರೆದಿದೀನಿ."

"ಒಬ್ರು ಕಳಿಸಿದ್ರು. ಓದಿದೆ." ಅವನು ಡಬ್ಬಿಯನ್ನು ಮುಟ್ಟಲಿಲ್ಲ. "ಅಷ್ಟು ದೂರದಿಂದ ಬರೋ ಅವಶ್ಯಕತೆ ಇರಲಿಲ್ಲ."

"ನಿಮ್ಮ ಮೀಟರ್ ಸರಿ ಇತ್ತು. ಅದನ್ನ ಎದುರಿಗೇ ಹೇಳ್ಬೇಕಿತ್ತು. ಎಲ್ಲಿದೆ ಅದು? ನಂದನ್ನ ಅದರ ಜೊತೆ ಇಟ್ಟು ನೋಡೋಣ ಅಂತ ತಂದಿದೀನಿ."

"ಇಲ್ಲ."

"ಇಲ್ಲ ಅಂದ್ರೆ?"

"ಗುಜರಿಗೆ ಹಾಕಿದೆ."

ಆಕೆಗೆ ಕೂಡಲೇ ಅರ್ಥವಾಗಲಿಲ್ಲ. ಅವನೇ ಮುಂದುವರಿಸಿದ, ಬೇರೆ ಯಾರದೋ ಸಂಗತಿ ಹೇಳುವವನಂತೆ. ಆ ಮೀಟರು ಅವನಿಗೆ ಕೆಲಸ ಕಲಿಸಿದ ಯಜಮಾನರದು. ಅಂಗಡಿ ಮುಚ್ಚುವಾಗ, ನಿನ್ನ ಕೈ ನಡುಗಬಹುದು, ಇದರ ಮುಳ್ಳು ನಡುಗಲ್ಲ ಎಂದು ಹೇಳಿ ಕೊಟ್ಟಿದ್ದರು. "ಆದ್ರೆ ನೀವು ಹೇಳಿದ ಮೇಲೆ, ತಪ್ಪು ಅದರದೇ ಅಂತ ಅಂದ್ಕೊಂಡೆ. ಆರು ವರ್ಷದಿಂದ ನೋಡ್ತಿದೀನಲ್ಲ, ನಿಮ್ಮದು ತಪ್ಪಿದ್ದೇ ಇಲ್ಲ. ಕೊಟ್ಟಿದ್ದ ಡಬ್ಬಿ ಎಲ್ಲಾ ವಾಪಸ್ ತರಿಸ್ಕೊಂಡೆ. ನೀವು ಹೇಳಿದ ಲೆಕ್ಕಕ್ಕೆ ವೋಲ್ಟೇಜು ಇಳಿಸಿ ಕೊಟ್ಟೆ. ಟಾರ್ಚು ಮೊದಲಿನಷ್ಟು ಹೊತ್ತು ಉರಿಯಲ್ಲ ಅಂತ ಒಬ್ಬೊಬ್ರೇ ತಂದು ಇಟ್ಟು ಹೋದ್ರು. ಸರಿ, ನಂಗೆ ಈ ಕೆಲಸ ಬರಲ್ಲ ಅಂತ ಬಿಟ್ಟೆ."

ಆಕೆ ಬೈಗುಳಕ್ಕೆ ಸಿದ್ಧವಾಗಿ ಬಂದಿದ್ದಳು. ಅವನು ತನ್ನನ್ನು ಹನ್ನೊಂದು ತಿಂಗಳಿಂದ ದ್ವೇಷಿಸುತ್ತಿದ್ದಾನೆ ಎಂದುಕೊಂಡು ಬಂದಿದ್ದಳು. ಅವನು ನಂಬಿದ್ದ. ತನ್ನ ಕಣ್ಣನ್ನು ಬಿಟ್ಟು ಆಕೆಯ ಅಂಕಿಯನ್ನು ನಂಬಿದ್ದ.

ಒಳಗಿನಿಂದ ಪರದೆ ಸರಿಸಿ ಹೆಂಗಸೊಬ್ಬಳು ಇಣುಕಿದಳು. ಅವನ ಹೆಂಡತಿ. ಡಬ್ಬಿಯನ್ನು ನೋಡಿದ್ದೇ ಹುಬ್ಬೇರಿಸಿದಳು. "ಓಹೋ! ಆ ಅಳತೆ ಮೇಡಂ ನೀವೇನಾ?"

"ಹೌದು."

"ಚೆನ್ನಾಗಿ ಅಳೆದ್ರಿ ಬಿಡಿ. ಆ ಡಬ್ಬಿಗಳಲ್ಲೆಲ್ಲ ಈಗ ನಾನು ಗುಂಡಿ, ಸೂಜಿ, ಪಿನ್ನು ಹಾಕಿಟ್ಕೊಂಡಿದೀನಿ. ಗಟ್ಟಿ ಡಬ್ಬಿಗಳು. ತುಕ್ಕೂ ಹಿಡಿಯಲ್ಲ."

"ಏಯ್, ಸುಮ್ನಿರು," ಎಂದ ಅವನು.

"ಯಾಕೆ ಸುಮ್ನಿರಲಿ? ಒಳ್ಳೇ ಮಾತೇ ತಾನೇ ಆಡ್ತಿರೋದು. ಟೀ ಕುಡೀತೀರಾ ಮೇಡಂ? ಸಕ್ಕರೆ ಎಷ್ಟು ಅಂತ ನೀವೇ ಅಳೆದು ಹೇಳಿಬಿಡಿ, ಆಮೇಲೆ ಹೆಚ್ಚಾಯ್ತು ಅಂದ್ರೆ ನನ್ನ ಕೈಲಾಗಲ್ಲ."

ಉತ್ತರಕ್ಕೆ ಕಾಯದೆ ಹೆಂಡತಿ ಒಳಗೆ ಹೋದಳು. ಅಳತೆಯಕ್ಕನಿಗೆ ಟೈಲರಮ್ಮನ ಮಾತು ನಿಜವೆನ್ನಿಸಿತು. ಬೈಯಲು ಒಂದು ಮುಖ ಬೇಕು. ಬೈಸಿಕೊಳ್ಳಲೂ ಬೇಕು.

"ಒಂದು ಪ್ಲಗ್ ಪಾಯಿಂಟ್ ಕೊಡಿ," ಎಂದಳು. "ಇಲ್ಲೇ ಹಾಕ್ತೀನಿ. ಎರಡು ಗಂಟೆ ಆಗುತ್ತೆ. ಕೊನೇಲಿ ಅಂಕಿ ನೀವೇ ಓದ್ಬೇಕು."

"ನಂಗೆ ಕೆಲಸ ಇದೆ ಮೇಡಂ."

"ನಿಮ್ಮ ಕೆಲಸ ನೀವು ಮಾಡಿ. ನಾನು ಕೂತಿರ್ತೀನಿ."

ಅವನು ಕೌಂಟರಿನ ತುದಿಯಲ್ಲಿದ್ದ ಪ್ಲಗ್ಗಿನ ಕಡೆ ಗಲ್ಲ ತೋರಿಸಿದ. ಆಕೆ ಒಂದು ಸೆಲ್ಲಿನ ಟೇಪು ಬಿಚ್ಚಿ ಡಬ್ಬಿಗೆ ಹಾಕಿದಳು. ಕೆಂಪು ದೀಪ ಹತ್ತಿತು.

ಟೀ ಬಂತು. ಗಿರಾಕಿಗಳು ಬಂದರು, ಹೋದರು. ಒಬ್ಬ ಮುದುಕ ತನ್ನ ಫೋನಿನಲ್ಲಿ ಮಗಳ ಧ್ವನಿ ಸಣ್ಣಗೆ ಕೇಳುತ್ತದೆಂದು ದೂರಿದ; ಡಬ್ಬಿಯಣ್ಣ ಹಲ್ಲುಜ್ಜುವ ಬ್ರಷ್ಷಿನಿಂದ ಸ್ಪೀಕರಿನ ಜಾಲರಿಯ ಧೂಳು ಉಜ್ಜಿ ಕೊಟ್ಟ. ಆ ಕೈ ಎಷ್ಟು ಹಗುರ ಎಂಬುದನ್ನು ಆಕೆ ಮೊದಲ ಸಲ ನೋಡಿದಳು. ಫೋನಿನಲ್ಲಿ ಬೆಸುಗೆಯ ಸದ್ದಿನ ಜೊತೆ ಬರುತ್ತಿದ್ದ ಮಾತುಗಳ ಹಿಂದೆ ಈ ಕೈ ಇತ್ತು. ಅವನು ಆಕೆಯ ಕಡೆ ನೋಡಲಿಲ್ಲ. ಆಕೆ ಮಾತಾಡಿಸಲಿಲ್ಲ. ಎರಡು ಮಾರು ದೂರದಲ್ಲಿ ಇಬ್ಬರೂ ಅದೇ ಸೆಲ್ಲಿಗೆ ಕಾವಲು ಕೂತಿದ್ದರು. ಫೋನಿನ ಆಚೆ ಈಚೆ ಇದ್ದಾಗಲೇ ಹೆಚ್ಚು ಹತ್ತಿರವಿದ್ದರು ಎನ್ನಿಸಿತು ಆಕೆಗೆ.

ನಾಲ್ಕೂಕಾಲು ಗಂಟೆಗೆ ದೀಪ ಹಸಿರಾಯಿತು. ಆಕೆ ಮೀಟರನ್ನು ಆನ್ ಮಾಡಿ, ಎರಡು ತುದಿಗಳನ್ನು ಸೆಲ್ಲಿಗೆ ಹಿಡಿದಳು. ಮೀಟರಿನ ಮುಖವನ್ನು ಅವನ ಕಡೆಗೆ ತಿರುಗಿಸಿದಳು.

"ಓದಿ."

ಅವನು ಭೂತಗನ್ನಡಿ ಕಳಚಿ ಬಂದ. ಮೊದಲು ಪರದೆಯ ಎಡಮೂಲೆ ನೋಡಿದ. ಅಲ್ಲಿ ಏನೂ ಇರಲಿಲ್ಲ. ಆಮೇಲೆ ಅಂಕಿ ನೋಡಿದ.

"ನಾಲ್ಕು ಪಾಯಿಂಟ್ ಒಂದು ಒಂಬತ್ತು ಎಂಟು."

ಆಕೆ ತುದಿಗಳನ್ನು ತೆಗೆದಳು. ಮೀಟರಿನ ಪರದೆ ಸೊನ್ನೆಗೆ ಇಳಿಯಿತು. ನೋಟ್‌ಬುಕ್ ತೆರೆದು ತಾರೀಕು ಹಾಕಿ ಬರೆದಳು: ೪.೧೯೮.

"ನೀವು ನೋಡ್ಲೇ ಇಲ್ಲ," ಎಂದ ಅವನು.

"ನೀವು ನೋಡಿದ್ರಲ್ಲ."

"ನಾನು ಸುಳ್ಳು ಹೇಳಿದ್ರೆ?"

"ಹೇಳಿದ್ರೆ ಅದೇ ಅಂಕಿ ಇರುತ್ತೆ ಪುಸ್ತಕದಲ್ಲಿ."

ಅವನು ಬರಹದ ಕಡೆ ಬಗ್ಗಿ ನೋಡಿದ. ತಾನು ಓದಿದ ಅಂಕಿಯನ್ನು ಇನ್ನೊಬ್ಬರ ಅಕ್ಷರದಲ್ಲಿ ಸ್ವಲ್ಪ ಹೊತ್ತು ನೋಡುತ್ತಲೇ ಇದ್ದ. ಹೊರಗೆ ರಸ್ತೆಯಲ್ಲಿ ಯಾವುದೋ ಗಾಡಿಯ ಹಾರನ್ನು ನಿಲ್ಲದೆ ಹೊಡೆದುಕೊಳ್ಳುತ್ತಿತ್ತು.

"ಹೋದ ವರ್ಷಾನೂ ಇಷ್ಟೇ ಇತ್ತು," ಎಂದ.

"ಇಷ್ಟೇ ಇತ್ತು."

"ಹೂಂ."

ಅವನು ತನ್ನ ಜಾಗಕ್ಕೆ ಹೋಗಿ ಕೂತ. ಭೂತಗನ್ನಡಿ ಕಟ್ಟಿಕೊಂಡ. ಒಂದು ಸ್ಕ್ರೂ ಬಿಚ್ಚಿದ. ಮತ್ತೆ ತಲೆಯೆತ್ತಿದ.

"ಐದಕ್ಕೆ ಬಸ್ಸಿದೆ. ಅದು ಬಿಟ್ರೆ ಏಳೂವರೆಗೆ."

ಆಕೆ ಚೀಲವನ್ನು ಹೆಗಲಿಗೇರಿಸಿಕೊಂಡು ಸೆಲ್ಲಿನ ತುದಿಗೆ ಟೇಪು ಸುತ್ತತೊಡಗಿದಳು. ಇನ್ನು ಹೇಳುವುದು ಏನೂ ಉಳಿದಿರಲಿಲ್ಲ. ಹೇಳಬೇಕಾದದ್ದನ್ನು ಹೇಳಿ ಆಗಿತ್ತು, ಅದರಿಂದ ಗುಜರಿಗೆ ಹೋದದ್ದು ಮರಳುವುದಿಲ್ಲ ಎಂಬುದೂ ಗೊತ್ತಾಗಿತ್ತು.

"ಒಂದೇ ಸೆಲ್ಲು ತಂದಿದೀರಾ?" ಕೇಳಿದ ಅವನು, ಕೈಯಲ್ಲಿದ್ದ ಫೋನಿನಿಂದ ಕಣ್ಣೆತ್ತದೆ.

"ಇನ್ನೊಂದಿದೆ."

"ಒಂದು ರೀಡಿಂಗ್‌ನಲ್ಲಿ ಏನು ಗೊತ್ತಾಗುತ್ತೆ ಮೇಡಂ. ಅದನ್ನೂ ಹಾಕಿ. ಹೊರಡೋದಿದ್ರೆ ಹೊರಡಿ, ನಾನೇನೂ ತಡೀತಿಲ್ಲ."

ಆಕೆ ಚೀಲವನ್ನು ಮತ್ತೆ ನೆಲಕ್ಕಿಳಿಸಿದಳು. ಎರಡನೆಯ ಸೆಲ್ಲಿನ ಟೇಪು ಬಿಚ್ಚಿ, ಡಬ್ಬಿಯಲ್ಲಿ ಕೂರಿಸಿ, ಕೆಂಪು ದೀಪ ಹತ್ತಿದ್ದನ್ನು ನೋಡಿಕೊಂಡು ಕೂತಳು.